ಮಂಗಳವಾರ, ಬನಹಟ್ಟಿ

ಬನಹಟ್ಟಿ ಸುಮ್ಮನಾಗಬೇಕಂದ್ರ
ಕರೆಂಟ್ ಹೋಗಬೇಕು.
ಅಲ್ಲೀತನಕ ಗ್ವಾಡಿ ಆಚೆ ಹದಿನಾರು ಮಗ್ಗ
ಖಟಕ್ ಖಟಕ್ ಅಂತ
ನಮ್ಮ ಮಾತಿನ ನಡುವ ತಮ್ಮ ಹೊಕ್ಕು ಹಾಕತಿರತಾವ.

ಹನ್ನೊಂದೂ ಇಪ್ಪತ್ತಕ್ಕ ಹೋತು.
ಫ್ಯಾನ್ ಮೂರು ಸುತ್ತು ತಿರುಗಿ ಸೋತಿತು.
"ಸದ್ಯ, ಕಿವಿ ತಣ್ಣಗಾದವು" ಅಂದಳು ಶಾರವ್ವ,
ಅವಲಕ್ಕಿ ತಾಟು ಹಂಚಿಕೋತ.
ಆಕಿ ಮಾತು ಮುಗದಿರಲಿಲ್ಲ,
ದಾವಲಸಾಬನ ತಾಟು ಗ್ವಾಡಿಗೆ ಬಡೀತು.

ಇಪ್ಪತ್ತೇಳು ವರ್ಷ. ಬಾಗಲಾ ತುಂಬೋ ಆಳು.
ಅವನ ಹಂತ್ಯಾಕ ಇರೋ ಮಾತು ಮೂರ:
ನೀರು, ಅಬ್ಬಾ, ಬ್ಯಾಡ.
ಆ ಹೊತ್ತಿಗೆ ಮೂರೂ ಕಳದಿದ್ದವು.
ಹಣಿ ಒಂದಿತ್ತು, ಕಿಟಕಿ ಸರಳು ಇದ್ದವು.

ಪುಂಡಲೀಕ ಮಾಸ್ತರ ಇದ್ದಿದ್ದರ
ಟವೆಲ್ ಹುರಿಮಾಡಿ ಎರಡೂ ಕೈ ಕಟ್ಟತಿದ್ದರು.
"ಹಟ ಇದು, ಬರೇ ಹಟ."
ನನಗೂ ಮೊದಲನೇ ತಿಂಗಳು ಹಂಗ ಅನಿಸಿತ್ತು, ಸುಳ್ಳ್ಯಾಕ ಹೇಳಲಿ.
ಹಿಂದಿಂದ ಹೋಗಿ ತೋಳು ಹಿಡದಿದ್ದೆ.
ಇಲ್ಲಿ ನೋಡ್ರಿ, ಮುಂಗೈ ಮ್ಯಾಲೆ
ಜ್ವಾಳದ ಕಾಳಿನಂಥ ನಾಕು ಗುರುತು.
ಅಂಜಿದಾವನ್ನ ಅಮರಿ ಹಿಡಿದಾಕಿ ನಾನು,
ಹಲ್ಲಿಂದೇನು ತಪ್ಪು?

ಇವತ್ತ ಒಂದು ಹೆಜ್ಜಿ ಹಿಂದ ಸರದೆ.
ಇನ್ನೊಂದು.
ಅವನು ಕೈ ಬೀಸಿದರೂ ನಿಲುಕದಷ್ಟು.
ಓರೆಯಾಗಿ ನಿಂತೆ,
ಬಾಗಲಾ ಅವಗೂ ಕಾಣೂಹಂಗ, ನನಗೂ ಸಿಗೂಹಂಗ.
ಕೊರಳಿನ ವೇಲು ತಗದು ಮೂಲಿಗೆ ಒಗದೆ.
ಶಾರವ್ವಗ ಕಣ್ಣಾಗ ಹೇಳಿದೆ:
ಎಲ್ಲಾರನೂ ಹೊರಗ, ಬೇವಿನ ನೆಳ್ಳಿಗೆ.
ಕತ್ತರಿ, ಸ್ಟೀಲ್ ಜಗ್ಗು ಆಕಿ ಸೆರಗಿನೊಳಗ ಹೋದವು.
ಗಿರಿಜಾ ಎಡಗಾಲಿನ ಚಪ್ಪಲಿ ಸಿಗೂತನಕ
ಏಳೂದಿಲ್ಲಂತ ಕೂತಳು.
ಹುಡುಕಿ ಕೊಟ್ಟಳು ಶಾರವ್ವ, ಅವಸರ ಮಾಡಲಿಲ್ಲ.

ಕೌದಿ ನಾಕು ಮಡಿಕಿ ಮಾಡಿ
ಬಗಲಿನಿಂದ ಕೈ ಚಾಚಿ
ಹಣಿಗೂ ಸರಳಿಗೂ ನಡುವ ಇಳಿಬಿಟ್ಟೆ.
ಮತ್ತ ಹಿಂದ ಸರದೆ.
ಈಗ ಸಪ್ಪಳ ದಪ್ಪಗಾತು, ನೀರಾಗ ಅರಬಿ ಬಡದಂಗ.

"ಅಂಜಿಕಿ ಬಂದೈತಿ ನಿನಗ. ನಾ ಇಲ್ಲೇ ಅದೀನಿ."
ಒಮ್ಮೆ ಅಂದೆ.
ಎರಡನೇ ಸಲ ನಾಲಗಿ ತುದಿಗೆ ಬಂತು, ನುಂಗಿದೆ.
ಮಾತೂ ಒಂದು ಕೈನ;
ಹತ್ತು ಸಲ ಹಾಕಿದರ ಹಿಡದಂಗ ಆಗತೈತಿ.

ಕಿಟಕಿ ಹೊರಗ ಬೀಡಿ ವಾಸನಿ.
ಮಗ್ಗ ನಿಂತು ಖಾಲಿ ಕೂತ ಗುರುಪಾದ ಇಣುಕಿದ:
"ನಾಕು ಬಾರಸ್ರಿ ಅಕ್ಕಾರ, ನೆಟ್ಟಗಾಗತಾನ."
"ಅಣ್ಣಾ, ಬಾಜೂಕ ಸರಿ. ಗಾಳಿ ಬರಲಿ."

ಗಡಿಯಾರದಾಗ ಸೆಲ್ ಇತ್ತು, ಅದೊಂದ ನಡದಿತ್ತು.
ಆರು ನಿಮಿಷ.
ಆರು ನಿಮಿಷ ಅಂದ್ರೇನಂತ
ಏನೂ ಮಾಡದ ನಿಂತವರಿಗೆ ಕೇಳ್ರಿ.
ಯಾವಾಗ ಶುರುವಾತೋ ಗೊತ್ತಿಲ್ಲ,
ನನ್ನ ಬೆರಳು ಟೇಬಲ್ ಮ್ಯಾಲೆ ಬಡೀತಿದ್ದವು:
ಖಟಕ್. ಖಟಕ್.
ಅವನು ತಿರುಗಿ ನೋಡಲಿಲ್ಲ.
ಕೌದಿ ಮ್ಯಾಲಿನ ಪೆಟ್ಟು ಮಾತ್ರ
ಒಂದು ತಪ್ಪಿತು, ಮತ್ತೊಂದು ತಪ್ಪಿತು.

ಕರೆಂಟ್ ಬಂತು.
ಹದಿನಾರೂ ಒಮ್ಮೆಲೆ ಎದ್ದವು.
ದಾವಲಸಾಬ ಗ್ವಾಡಿಗುಂಟ ಜಾರಿ ಕೂತ, ಬೆವರಿದ್ದ.
"ನೀರು."
ಲೋಟ ನೆಲದ ಮ್ಯಾಲೆ ಇಟ್ಟು ಅರ್ಧಾ ದಾರಿ ಸರಿಸಿ
ಕೈ ಹಿಂದಕ್ಕ ತಗೊಂಡೆ.

ನನ್ನ ಕಾಲು ನಡಗಿದ್ದು ಆಮ್ಯಾಲೆ,
ಅಡಗಿಮನಿಯಾಗ, ಚಾದ ಪುಡಿ ಹುಡುಕೂವಾಗ.

ಸಂಜಿಗೆ ರಜಿಸ್ಟರ್ ತಗದೆ.
ವೇಳೆ. ವರ್ತನೆ. ಕಾರಣ.
ಹಿಂದಿನ ಹಾಳಿಯೊಳಗ ಮಾಸ್ತರರ ಮುದ್ದಾದ ಅಕ್ಷರ:
ಕಾರಣ ಇಲ್ಲ. ಕಾರಣ ಇಲ್ಲ. ಹಟ.
ತಾರೀಖಿನ ಮ್ಯಾಲೆ ಬೆರಳಿಟ್ಟು ಕ್ಯಾಲೆಂಡರ್ ನೋಡಿದೆ:
ಮಂಗಳವಾರ. ಮಂಗಳವಾರ.
ನಡುವ ಒಂದು ಶನಿವಾರ, ಗಾಳಿಗೆ ತಂತಿ ಹರದಿದ್ದು.
ಮತ್ತ ಮಂಗಳವಾರ, ಲೈನ್ ರಿಪೇರಿ ದಿನ.
ಎರಡು ವರ್ಷದ ಹಾಳಿ,
ಅವನು ತನ್ನ ಹಣೀಲೆ ಬರಕೋತ ಬಂದಿದ್ದ.

ಗ್ವಾಡಿಗೆ ಅವಲಕ್ಕಿ ಇನ್ನೂ ಅಂಟಿತ್ತು.
ಹೊರಗ ಗುರುಪಾದ ಸೈಕಲ್ ಏರತಿದ್ದ.
ಓಡಿಹೋಗಿ ಕೇಳಿದೆ:
"ಅಣ್ಣಾ, ನಿನ್ನ ಮಗ್ಗದ ಸಪ್ಪಳ
ಫೋನಿನ್ಯಾಗ ಒಂದು ತಾಸು ತುಂಬಿಕೊಡತೀಯೇನ?"
ಒಂದು ಕಾಲು ನೆಲಕ್ಕ ಊರಿ ನಿಂತ,
ನನ್ನನ್ನ ಪಿಳಿಪಿಳಿ ನೋಡಿದ.
"ಅದನ್ನ ಯಾರ ಕೇಳತಾರ, ಅಕ್ಕಾರ?"